ಸರಾಸರಿಯನ್ನು ನಂಬದ ಹಿಲ್ಕಾ

ಆಟ ಓಡುತ್ತಿರುವಾಗ ಹಿಲ್ಕಾ ಲಾಮಿ ಕಂಪ್ಯೂಟರಿನ ಪರದೆಯನ್ನು ನೇರವಾಗಿ ನೋಡಿದ್ದನ್ನು ಈ ಒಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಪರದೆ ಎದುರಿಗಿದ್ದರೆ ಅವರ ಮುಖ ಕಿಟಕಿಯ ಕಡೆಗಿರುತ್ತದೆ. ಹೊರಗೆ ಬೀಳುತ್ತಿರುವ ಹಿಮವನ್ನೋ, ಬಸ್ಸಿಗಾಗಿ ಕಾಯುತ್ತ ಚಳಿಗೆ ಕಾಲು ಕುಟ್ಟುತ್ತಿರುವವರನ್ನೋ ತದೇಕಚಿತ್ತದಿಂದ ಗಮನಿಸುತ್ತಿರುವಂತೆ ಕತ್ತನ್ನು ಎಡಕ್ಕೆ ತಿರುಗಿಸಿ, ಗದ್ದವನ್ನು ಕೊಂಚ ಮೇಲೆತ್ತಿ ಕೂತು, ಬಲಗೈಯ ತೋರುಬೆರಳಿನಿಂದ ಮೇಜಿನ ಅಂಚನ್ನು ಮೆಲ್ಲಗೆ, ಒಂದೇ ಸಮನೆ ತಟ್ಟುತ್ತಿರುತ್ತಾರೆ. ಆ ಬೆರಳು ನಿಂತಿತೆಂದರೆ ಪರದೆಯ ಮೇಲಿನ ಆಟ ಮುಗ್ಗರಿಸಿತೆಂದೇ ಅರ್ಥ. ಎದುರಿಗೆ ಕಣ್ಣರಳಿಸಿ ಕೂತ ಆಟದ ಒಡೆಯನಿಗೆ ಏನೂ ಕಂಡಿರುವುದಿಲ್ಲ. “ಏನಾಯ್ತು?” ಎಂದು ಅವನು ಕೇಳುವಷ್ಟರಲ್ಲಿ ಬೆರಳು ಮತ್ತೆ ನಡೆಯತೊಡಗಿ, ಮತ್ತೆ ನಿಂತಿರುತ್ತದೆ. “ಈಗ,” ಎನ್ನುತ್ತಾರೆ ಹಿಲ್ಕಾ, ಕಿಟಕಿಗೇ ಹೇಳಿದ ಹಾಗೆ. “ಹ್ಞಾ, ಈಗ. ಮತ್ತೆ ಈಗ.” ಮೂರನೆಯದೋ ನಾಲ್ಕನೆಯದೋ ‘ಈಗ’ಕ್ಕೆ ಒಡೆಯನಿಗೂ ಅದು ಕಾಣತೊಡಗುತ್ತದೆ. ಒಮ್ಮೆ ಕಂಡಿತೆಂದರೆ ಮುಗಿಯಿತು, ಆಮೇಲೆ ಅದನ್ನು ಕಾಣದಿರುವುದು ಯಾರಿಂದಲೂ ಆಗದ ಮಾತು.

ಥಂಡರ್ ಬೇ ಎಂಬ ಈ ಊರಿನ ನಮ್ಮ ಶಾಖಾ ಗ್ರಂಥಾಲಯದಲ್ಲಿ, ಶನಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಕಿಟಕಿಯ ಪಕ್ಕದ ಉದ್ದನೆಯ ಮೇಜು ಅವರದು. ಪುಸ್ತಕ ಕೊಡುವ ಕಟ್ಟೆಯ ಹಿಂದೆ ಕೂರುವ ನನಗೆ ಆ ಮೇಜು ಚೆನ್ನಾಗಿ ಕಾಣುತ್ತದೆ, ಅಲ್ಲಿಯ ಮಾತು ಅದಕ್ಕಿಂತ ಚೆನ್ನಾಗಿ ಕೇಳುತ್ತದೆ. ‘ಹಳೆಯ ಆಟ ತಡವರಿಸುತ್ತಿದ್ದರೆ ತನ್ನಿ’ ಎಂದು ಪೆನ್ಸಿಲ್ಲಿನಲ್ಲಿ ಬರೆದ ಒಂದು ರಟ್ಟನ್ನು ಅವರು ಮೇಜಿನ ತುದಿಗೆ ಆನಿಸಿಡುತ್ತಾರೆ. ಅದನ್ನು ನೋಡಿಕೊಂಡು ನಡುವಯಸ್ಸು ದಾಟಿದ ಗಂಡಸರೂ ಹೆಂಗಸರೂ ತಮ್ಮ ಕಂಪ್ಯೂಟರುಗಳನ್ನು ಕಂಬಳಿಯಲ್ಲಿ ಸುತ್ತಿ, ಮಕ್ಕಳ ಜಾರುಗಾಡಿಯ ಮೇಲಿಟ್ಟು ಹಿಮದಲ್ಲಿ ಎಳೆದು ತರುತ್ತಾರೆ. ಇಪ್ಪತ್ತು ಇಪ್ಪತ್ತೈದು ವರ್ಷ ಹಿಂದಿನ ಆಟಗಳವು. ಅಂದಿನ ಬಡ ಯಂತ್ರಗಳಲ್ಲಿ ಓಡಿದ ಆಟ ಇಂದಿನ ಬಲಾಢ್ಯ ಯಂತ್ರದಲ್ಲಿ ಏಕೆ ಎಡವುತ್ತದೆಂಬುದು ಅವರೆಲ್ಲರ ಅಳಲು. ಎಡವಲು ಕಾರಣಗಳೇನೂ ಕಡಿಮೆಯಿಲ್ಲ, ಮತ್ತು ಅವುಗಳಲ್ಲಿ ಮುಕ್ಕಾಲು ಪಾಲು ಯಂತ್ರದ ಬಲದಿಂದಲೇ ಹುಟ್ಟಿದವು ಎಂಬುದನ್ನು ನಾನು ಆ ಕಟ್ಟೆಯ ಹಿಂದೆ ಕೂತೇ ಕಲಿತೆ.

ಹಿಲ್ಕಾ ಅರವತ್ತೆಂಟರ ಹೆಂಗಸು. ಮೈಮೇಲೆ ಸದಾ ಒಂದು ಕಡುನೀಲಿ ಕೋಟು, ಕಾಗದದ ಕಾರ್ಖಾನೆಯದು. ಅದರ ಎದೆಯ ಜೇಬಿನ ಮೇಲೆ ‘ರಸ್’ ಎಂದು ಕೆಂಪು ದಾರದಲ್ಲಿ ಹೊಲಿದಿದೆ. ಕಾರ್ಖಾನೆ ಮುಚ್ಚಿದ ದಿನ ಬಾಗಿಲ ಬಳಿ ರಾಶಿ ಹಾಕಿದ್ದ ಕೋಟುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದದ್ದಂತೆ.

“ರಸ್ ಅಂದ್ರೆ ಯಾರು?” ಎಂದು ಒಮ್ಮೆ ಕೇಳಿದ್ದೆ.

“ಗೊತ್ತಿಲ್ಲ,” ಎಂದರು. “ಚಳಿ ಜಾಸ್ತಿ ಇದ್ದೋನು ಅನ್ಸುತ್ತೆ. ಒಳಗಡೆ ಇನ್ನೊಂದು ಪದರ ಹೊಲಿಸ್ಕೊಂಡಿದಾನೆ, ಪುಣ್ಯಾತ್ಮ.”

ನಡಿಗೆಯೂ ಕಾರ್ಖಾನೆಯದೇ. ಮೂವತ್ತೊಂದು ವರ್ಷ ಒದ್ದೆ ನೆಲದ ಮೇಲೆ ಓಡಾಡಿದ ಕಾಲುಗಳು. ಪಾದವನ್ನು ಪೂರ್ತಿ ಊರಿ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಮಂಡಿಯನ್ನು ತುಸು ಬಾಗಿಸಿಕೊಂಡೇ ನಡೆಯುತ್ತಾರೆ, ಗ್ರಂಥಾಲಯದ ಒಣ ಜಮಖಾನೆಯ ಮೇಲೂ ಹಾಗೆಯೇ. ಊರೆಲ್ಲ ಗಾಜುಗಟ್ಟಿ ನಾವೆಲ್ಲ ಸೊಂಟ ಹಿಡಿದುಕೊಂಡು ಬೀಳುವ ಫೆಬ್ರವರಿಯಲ್ಲಿ ಆ ನಡಿಗೆ ಎಷ್ಟು ವಿವೇಕದ್ದೆಂದು ಅರಿವಾಗುತ್ತದೆ.

ಮಾತು ಕಡಿಮೆ. ತಾಯಿಯಿಂದ ಬಂದ ಫಿನ್ನಿಶ್ ನುಡಿಯೊಂದಿದೆ, “ನೋ ನೀನ್” ಎಂದು. ‘ಸರಿ’, ‘ಹೊರಡೋಣ’, ‘ಹೀಗೋ ವಿಷಯ’, ‘ಇನ್ನು ಸಾಕು’ ಎಲ್ಲಕ್ಕೂ ಅವರಿಗೆ ಅದೊಂದೇ ಸಾಕು. ಎಳೆದರೆ ಒಂದರ್ಥ, ಕತ್ತರಿಸಿದರೆ ಇನ್ನೊಂದು. ಅದನ್ನು ಬಿಟ್ಟರೆ ಅವರ ನಾಲಿಗೆಯ ಮೇಲೆ ಹೆಚ್ಚಾಗಿ ಓಡಾಡುವ ಪದ ‘ಯಾವಾಗ’. ಬಂದವರು ತಮ್ಮ ಯಂತ್ರದ ಕುಲಗೋತ್ರವನ್ನೆಲ್ಲ, ಅದರಲ್ಲಿ ಎಷ್ಟು ಮೆಮರಿ, ಎಂಥ ಗ್ರಾಫಿಕ್ಸ್ ಕಾರ್ಡು, ಎಷ್ಟು ಕೊಟ್ಟೆ ಎಂಬುದನ್ನೆಲ್ಲ ವರ್ಣಿಸುತ್ತಿದ್ದರೆ ಇವರು ಅದು ಮುಗಿಯುವ ತನಕ ತಾಳ್ಮೆಯಿಂದಿದ್ದು, ಕೊನೆಗೆ “ಯಾವಾಗ?” ಎನ್ನುತ್ತಾರೆ. ತಿರುವಿನಲ್ಲೋ, ನೇರ ಹಾದಿಯಲ್ಲೋ? ಸದ್ದಾದಾಗಲೋ, ಸುಮ್ಮನಿದ್ದಾಗಲೋ? ಎಷ್ಟೆಷ್ಟು ಹೊತ್ತಿಗೆ? ಏಕೆ ಎಂಬ ಪ್ರಶ್ನೆ ಅವರ ಬಾಯಿಂದ ಬಂದದ್ದೇ ಅಪರೂಪ.

ಈ ‘ಯಾವಾಗ’ದ ಮೂಲವನ್ನು ಒಂದು ದಿನ ಚಹಾ ಕುಡಿಯುವಾಗ ಅವರೇ ಬಿಡಿಸಿ ಹೇಳಿದರು. ಕಾರ್ಖಾನೆಯಲ್ಲಿ ಅವರ ಕೆಲಸ, ಓಡುವ ಕಾಗದದಲ್ಲಿ ದೋಷ ಹುಡುಕುವುದು. ಇಪ್ಪತ್ತು ಅಡಿ ಅಗಲದ ಹಾಳೆ ರೈಲಿನ ವೇಗದಲ್ಲಿ ಉರುಳೆಯಿಂದ ಉರುಳೆಗೆ ಹಾಯುತ್ತಿರುತ್ತದೆ. ನೇರವಾಗಿ ನೋಡಿದವನಿಗೆ ಬಿಳಿಯ ಹೊಳೆಯಲ್ಲದೆ ಬೇರೇನೂ ಕಾಣುವುದಿಲ್ಲ, ಪಕ್ಕಕ್ಕೆ ನೋಡುತ್ತ ಕಣ್ಣಂಚಿಗೆ ಬಿಟ್ಟುಕೊಟ್ಟರೆ ಮಾತ್ರ ಕಲೆಯೊಂದು ಮಿಂಚಿ ಹೋದದ್ದು ತಿಳಿಯುತ್ತದೆ. ಕಲೆ ಎಂಥದೆಂದು ನೋಡುತ್ತ ನಿಂತವನು ದಡ್ಡ. ಎಷ್ಟು ಅಡಿಗೊಮ್ಮೆ ಬರುತ್ತದೆಂದು ಅಳೆಯಬೇಕು. ಹನ್ನೊಂದು ಅಡಿಗೊಮ್ಮೆ ಬಂದರೆ, ಸುತ್ತಳತೆ ಹನ್ನೊಂದು ಅಡಿಯಿರುವ ಉರುಳೆಯ ಬಳಿ ನೆಟ್ಟಗೆ ಹೋಗಿ ಕೈಯಾಡಿಸಿದರಾಯಿತು. ಅಲ್ಲಿ ಒಂದು ತರಚು, ಇಲ್ಲವೆ ಅಂಟಿಕೊಂಡ ತಿರುಳಿನ ಒಂದು ಚೂರು ಕಾದಿರುತ್ತದೆ. “ತಪ್ಪು ತನ್ನ ಮನೆ ವಿಳಾಸ ತಾನೇ ಹೇಳುತ್ತೆ, ಗಾರ್ನೆಟ್,” ಎಂದರು ನನಗೆ. “ಕೇಳಿಸ್ಕೊಳ್ಳೋ ವ್ಯವಧಾನ ನಮಗಿರಲ್ಲ, ಅಷ್ಟೇ.”

ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಯ ಕಚೇರಿಯ ಒಂದು ಕಂಪ್ಯೂಟರ್ ಅವರ ಪಾಲಿಗೆ ಬಂತು. ಅದರಲ್ಲಿ ಯಾರೋ ಗುಮಾಸ್ತರು ಬಿಟ್ಟುಹೋದ ಗಾಲ್ಫ್ ಆಟವಿತ್ತು. ಆ ಯಂತ್ರ ಕೆಟ್ಟು ಹೊಸತಕ್ಕೆ ಆಟವನ್ನು ದಾಟಿಸಿದಾಗ, ಹೊಡೆದ ಚೆಂಡು ಆಕಾಶದಲ್ಲಿ ಒಂದು ಕ್ಷಣ ನಿಂತು, ಯೋಚಿಸಿ, ಮುಂದೆ ಹೋಗತೊಡಗಿತು. ಆರು ವಾರ ಅದರ ಬೆನ್ನು ಹತ್ತಿದರಂತೆ. ಗಾಲ್ಫ್ ಬಗ್ಗೆ ಅವರಿಗೆ ಕವಡೆಯಷ್ಟೂ ಆಸಕ್ತಿಯಿಲ್ಲ. ಕೊನೆಗೂ ಚೆಂಡು ನಿರಾತಂಕವಾಗಿ ಹಾರಿದ ದಿನ, ಅದು ಎಲ್ಲಿ ಬಿತ್ತೆಂದೂ ನೋಡದೆ ಯಂತ್ರವನ್ನು ಆರಿಸಿ ಸೌನಾದ ಹಬೆಕೋಣೆ ಕಾಯಿಸಲು ಹೋದರಂತೆ. ಈಗಲೂ ಅಷ್ಟೆ. ಯಾವ ಆಟ ಸರಾಗವಾಯಿತೋ ಆ ಕ್ಷಣಕ್ಕೆ ಅವರಿಗೆ ಅದರ ಹಂಗು ಹರಿಯುತ್ತದೆ.

ಅವರದೊಂದು ಹಟವಿದೆ, ಒಮ್ಮೆಗೆ ಒಂದೇ ಬದಲಾವಣೆ. ಒಂದನ್ನು ತೆಗೆಯಬೇಕು, ಹತ್ತು ನಿಮಿಷ ಆಡಿಸಬೇಕು, ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು, ತೆಗೆದದ್ದನ್ನು ಮರಳಿ ಇಡಬೇಕು, ಆಮೇಲೆ ಮುಂದಿನದು. ಆತುರಗಾರರಿಗೆ ಇದು ಚಿತ್ರಹಿಂಸೆ. ಹಲ್ಲಿನ ಆಸ್ಪತ್ರೆಯ ದಾದಿಯೊಬ್ಬಳು ತನ್ನ ಆಟದ ಕಾಟಕ್ಕೆ ಅಂತರ್ಜಾಲದಲ್ಲಿ ಓದಿದ ಹದಿನೇಳು ಔಷಧಗಳನ್ನೂ ಒಟ್ಟಿಗೆ ಪ್ರಯೋಗಿಸಿ, ಆಟ ಇನ್ನಷ್ಟು ಕೆಟ್ಟು, ಅಳುಮೋರೆಯಲ್ಲಿ ಬಂದಿದ್ದಳು. ಹಿಲ್ಕಾ ಹದಿನೇಳನ್ನೂ ಒಂದೊಂದಾಗಿ ಕಳಚಿ, ಆಕೆಯನ್ನು ಆಡಲು ಕೂರಿಸಿ, ಕಿಟಕಿಯತ್ತ ತಿರುಗಿದರು. ಬೆರಳು ನಡೆಯಿತು, ನಿಂತಿತು. “ನೀನು ತಿರುಗಿ ನೋಡ್ದಾಗ ಮಾತ್ರ,” ಎಂದರು. “ಸುಮ್ನೆ ನಡೀತಿದ್ರೆ ಏನಿಲ್ಲ.” ಚೀಲದಿಂದ ಹಳದಿಗಟ್ಟಿದ ಒಂದು ಹಳೇ ಮೌಸ್ ತೆಗೆದು ಅವಳ ಮಿನುಗುವ ಮೌಸಿನ ಜಾಗಕ್ಕೆ ಸಿಕ್ಕಿಸಿದರು, ಆಟ ಬೆಣ್ಣೆಯಾಯಿತು. ಆಕೆಯ ಹೊಸ ಮೌಸ್ ‘ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ’ ಎಂದು ಸೆಕೆಂಡಿಗೆ ಸಾವಿರ ಸಲ ವರದಿ ಒಪ್ಪಿಸುತ್ತಿತ್ತು. ನೂರು ವರದಿಗೆ ಕಿವಿಗೊಡಲು ಕಲಿತಿದ್ದ ಆ ಮುದಿ ಆಟ ಉಳಿದ ಒಂಬೈನೂರಕ್ಕೆ ತತ್ತರಿಸುತ್ತಿತ್ತು.

ಎಲ್ಲವೂ ಹೀಗೆ ಸುಖಾಂತವಲ್ಲ. ಅಗ್ನಿಶಾಮಕ ದಳದ ಕರ್ಟ್ ವೆಸ್ಟರ್‌ಲಂಡ್ ಎಂಬಾತ ಒಂದು ಯುದ್ಧದ ಆಟ ತಂದಿದ್ದ. ಹೊಸ ಕಣಿವೆಗೆ ಕಾಲಿಟ್ಟಾಗಲೆಲ್ಲ ಅದು ಅರೆಗಳಿಗೆ ಕಲ್ಲಾಗುತ್ತಿತ್ತು. ಐದು ಶನಿವಾರ ಹೆಣಗಿದ ಮೇಲೆ ಹಿಲ್ಕಾ, ಇದು ಹುಟ್ಟುಗುಣ, ಹೋಗುವುದಿಲ್ಲ ಎಂದರು. ಕರ್ಟ್ ಒಪ್ಪಲಿಲ್ಲ.

“ಹೋಗ್ರೀ! ಎರಡು ಸಾವಿರದ ಒಂದರಲ್ಲಿ ಹಗಲೂ ರಾತ್ರಿ ಆಡಿದೀನಿ. ನೀರು ಹರಿದ ಹಾಗೆ ಓಡ್ತಿತ್ತು.”

ಮುಂದಿನ ಶನಿವಾರ ಹಿಲ್ಕಾ ಜಾರುಗಾಡಿಯ ಮೇಲೆ ತಾವೇ ಒಂದು ಯಂತ್ರ ಎಳೆದು ತಂದರು. ಅದೇ ಕಾಲದ ಡಬ್ಬಿ, ಅದೇ ಕಾಲದ ದಪ್ಪ ಹೊಟ್ಟೆಯ ಪರದೆ. ಕರ್ಟ್ ಕೈ ಉಜ್ಜಿಕೊಂಡು ಕೂತ. ಕಣಿವೆ ಹಾಗಿರಲಿ, ಬಯಲಿನಲ್ಲೇ ಆಟ ಕುಂಟುತ್ತಿತ್ತು. ಸೆಕೆಂಡಿಗೆ ಇಪ್ಪತ್ತೆರಡು ಚಿತ್ರವೂ ಬರುತ್ತಿರಲಿಲ್ಲ. ಕಣಿವೆಯ ಬಾಯಲ್ಲಿ ಅದು ನಿಂತದ್ದು ಎಷ್ಟು ಹೊತ್ತೆಂದರೆ ನಾನು ಒಂದು ಪುಸ್ತಕಕ್ಕೆ ಮುದ್ರೆ ಒತ್ತಿ ಕೊಟ್ಟೆ. ಕರ್ಟ್ ಮೌಸಿನಿಂದ ಕೈ ತೆಗೆದ.

“ಹಿಂಗಿತ್ತಾ?”

“ಹಿಂಗೇ ಇತ್ತು. ನಿಂಗೆ ಆವಾಗ ಹತ್ತೊಂಬತ್ತು,” ಎಂದರು ಹಿಲ್ಕಾ. ಅವರ ದನಿ ಎಂದಿಗಿಂತ ಮೃದುವಾಗಿತ್ತು. ಕರ್ಟ್ ಆ ಹಳೆಯ ಡಬ್ಬಿಯನ್ನೇ ಒಂದು ವಾರದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿ, ಎಳೆದುಕೊಂಡು ಹೋದ. ಅದು ಇನ್ನೂ ಮರಳಿ ಬಂದಿಲ್ಲ.

ಆದರೆ ಹಿಲ್ಕಾ ಎಂಥವರೆಂದು ನನಗೆ ನಿಜವಾಗಿ ತಿಳಿದದ್ದು ಒರೆಸ್ಟ್ ನಾತ್ಯುಕ್ ಬಂದ ಮೇಲೆ.

ಒರೆಸ್ಟ್ ಬಂದರಿನ ಧಾನ್ಯದ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಗೋಧಿಯ ರೈಲು ಖಾಲಿ ಮಾಡಿಸಿ ನಿವೃತ್ತನಾದವನು, ಎಪ್ಪತ್ತೆರಡರ ದೊಡ್ಡಾಳು. ಹಿಂದಿನ ಸೆಪ್ಟೆಂಬರಿನಲ್ಲಿ ಕಾರಿನ ಶೆಡ್ಡಿನಲ್ಲಿ ಕುಸಿದು ಬಿದ್ದಿದ್ದ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಎಡಗೈ ಕೊಂಚ ಸೋತಿತ್ತು, ಉಳಿದದ್ದೆಲ್ಲ ಮರಳಿತ್ತು. ಹೊತ್ತು ಕಳೆಯಲೆಂದು ಮಗಳು ಲರಿಸಾ ಒಂದು ಹೊಸ ಕಂಪ್ಯೂಟರ್ ತಂದು, ಅವನ ಪ್ರೀತಿಯ ಹಳೇ ಆಟವನ್ನು ಅದರಲ್ಲಿ ಹಾಕಿಸಿಕೊಟ್ಟಳು. ಸರಕು ರೈಲು ಓಡಿಸುವ ಆಟ. ಗೊಡವೆಯಿಲ್ಲದ ಆಟ; ಹುಲ್ಲುಗಾವಲು, ತಂತಿಕಂಬ, ನಿಲ್ದಾಣ, ಮತ್ತೆ ಹುಲ್ಲುಗಾವಲು. ಡಿಸೆಂಬರಿನ ಒಂದು ಶನಿವಾರ ತಂದೆ ಮಗಳು ಅದನ್ನು ಹೊತ್ತುಕೊಂಡು ಬಂದರು. ದಾರಿಯಲ್ಲೇ ಜಗಳವಾಡಿಕೊಂಡು ಬಂದಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

“ಯಾವಾಗ?” ಎಂದರು ಹಿಲ್ಕಾ.

“ಯಾವಾಗ್ಲೂ ಇಲ್ಲ, ಅದನ್ನೇ ನಾನು ಹೇಳ್ತಿರೋದು,” ಎಂದಳು ಲರಿಸಾ. “ಇಲ್ಲಿ ಮೂಲೇಲಿ ನೋಡಿ, ಅರವತ್ತು ಅಂತ ಇದೆಯಲ್ಲ? ಸೆಕೆಂಡಿಗೆ ಅರವತ್ತು ಚಿತ್ರ. ತಂದ ದಿನದಿಂದ ನೋಡ್ತಿದೀನಿ, ಐವತ್ತೊಂಬತ್ತಕ್ಕೂ ಇಳಿದಿಲ್ಲ. ಆಟ ಚೆನ್ನಾಗೇ ಓಡ್ತಿದೆ ಅಂತ ನೀವಾದ್ರೂ ಅಪ್ಪಂಗೆ ಹೇಳಿ. ನನ್ನ ಮಾತು ಅಂತೂ ಕಿವಿಗೇ ಹಾಕ್ಕೊಳಲ್ಲ.”

“ನಿಲ್ಲುತ್ತೆ,” ಎಂದ ಒರೆಸ್ಟ್, ಯಾರ ಮುಖವನ್ನೂ ನೋಡದೆ. “ರೈಲು ನಿಲ್ಲುತ್ತೆ. ರೆಪ್ಪೆ ಬಡಿಯೋಷ್ಟು ಹೊತ್ತು. ಆಮೇಲೆ ಹೋಗುತ್ತೆ.”

“ಅಪ್ಪಾ, ಅದು ನಿನ್ನ...”

“ಹೇಳು, ಹೇಳು. ನಿನ್ನ ತಲೇಲಿ ಅಂತ ಹೇಳು. ಎರಡು ತಿಂಗಳಿಂದ ಬಾಯ್ತುದೀಲಿ ಇಟ್ಕೊಂಡು ಓಡಾಡ್ತಿದೀಯ.”

ಲರಿಸಾ ಕೆಂಪಾಗಿ, ಕಾಫಿ ತರುತ್ತೇನೆಂದು ಹೊರಗೆ ಹೋದಳು. ಬಾಗಿಲು ಮುಚ್ಚಿದ್ದೇ ತಡ, ಆ ದೊಡ್ಡ ಮೈ ಮೇಜಿನ ಮೇಲೆ ಬಾಗಿತು.

“ಕೇಳಮ್ಮ. ಡಾಕ್ಟ್ರಿಗೆ ಇದನ್ನ ಹೇಳಿಲ್ಲ ನಾನು. ಜನವರಿಯಿಂದ ಕಾರು ಓಡಿಸ್ಬಹುದು ಅಂದಿದಾರೆ. ಹೇಳಿದ್ರೆ ಕಾರು ಹೋಯ್ತು. ಈ ಆಟದ್ದೇ ತೊಂದ್ರೆ ಅಂತ ನೀನೊಂದು ಮಾತು ಹೇಳಿಬಿಟ್ರೆ, ಡಾಕ್ಟ್ರಿಗೆ ಹೇಳೋ ಪ್ರಮೇಯಾನೇ ಬರಲ್ಲ. ಅಲ್ವಾ?”

ಹಿಲ್ಕಾ ಆ ದಿನ ಮೊದಲ ಸಲ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿದರು.

“ಮಿಷಿನ್ದಾದ್ರೆ ಮಿಷಿನ್ದು ಅಂತೀನಿ. ನಿಂದಾದ್ರೆ ನಿಂದು ಅಂತೀನಿ. ಒಪ್ಪಿಗೆ ಇದ್ರೆ ಕೂತ್ಕೋ.”

“ಇಲ್ದಿದ್ರೆ?”

“ಅಲ್ಲಿ ಪರ್ಷಿಯನ್ ಬನ್ನಿದೆ. ಒಂದು ತಿಂದು ಮನೆಗೆ ಹೋಗು.”

ಒರೆಸ್ಟ್ ಸಕ್ಕರೆಯ ಗುಲಾಬಿ ಲೇಪದ ಆ ಬನ್ನುಗಳ ಡಬ್ಬಿಯನ್ನೂ ಬಾಗಿಲನ್ನೂ ಒಮ್ಮೆ ನೋಡಿ, ಕುರ್ಚಿ ಎಳೆದುಕೊಂಡ.

ಪರೀಕ್ಷೆ ಸರಳವಾಗಿತ್ತು. ಒರೆಸ್ಟ್ ರೈಲು ಓಡಿಸುತ್ತ, ಅದು ನಿಂತಂತೆ ಕಂಡಾಗಲೆಲ್ಲ ಪೆನ್ಸಿಲ್ಲಿನಿಂದ ಮೇಜಿಗೆ ಒಂದು ಕುಟ್ಟು ಕೊಡಬೇಕು. ನಾನು ಗಡಿಯಾರ ಹಿಡಿದು ಅದರ ಹೊತ್ತನ್ನು ಬರೆದುಕೊಳ್ಳಬೇಕು. ಪ್ರತಿ ಚಿತ್ರ ಮೂಡಲು ಎಷ್ಟು ಸಮಯ ಹಿಡಿಯಿತೆಂಬುದನ್ನು ಒಂದು ಪುಟ್ಟ ತಂತ್ರಾಂಶ ಒಳಗೊಳಗೇ ಗೆರೆಯಾಗಿ ಎಳೆಯುತ್ತಿರುತ್ತದೆ. ಹತ್ತು ನಿಮಿಷ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಗೆರೆಯಲ್ಲಿ ಮೂವತ್ತು ಮೊಳೆಗಳೆದ್ದಿದ್ದವು, ಇಪ್ಪತ್ತು ಸೆಕೆಂಡಿಗೊಂದರಂತೆ, ಬೇಲಿಯ ಗೂಟದ ಹಾಗೆ. ಮೂವತ್ತರಲ್ಲಿ ಇಪ್ಪತ್ತೊಂಬತ್ತನ್ನು ಒರೆಸ್ಟ್ ಹಿಡಿದಿದ್ದ.

ಕಾಫಿ ಹಿಡಿದು ಬಂದ ಲರಿಸಾ ಗೆರೆಯನ್ನು ನೋಡಿ, ಮೂಲೆಯ ಅರವತ್ತನ್ನು ನೋಡಿ, “ಹಾಗಿದ್ರೆ ಇದು ಸುಳ್ಳಾ?” ಎಂದಳು.

“ಸುಳ್ಳಲ್ಲ. ಸರಾಸರಿ,” ಎಂದರು ಹಿಲ್ಕಾ. ಆ ಅಂಕಿ ಒಂದು ನಿಮಿಷದ ಲೆಕ್ಕ. ನಿಮಿಷಕ್ಕೆ ಮೂರು ಸಾವಿರದ ಆರುನೂರು ಚಿತ್ರ. ಅದರಲ್ಲಿ ಇಪ್ಪತ್ತೈದೋ ಮೂವತ್ತೋ ಬಾರದೆ ಹೋದರೆ ಅಂಕಿಗೆ ಏನೂ ಅನ್ನಿಸುವುದಿಲ್ಲ, ನೋಡುವ ಕಣ್ಣಿಗೆ ಅನ್ನಿಸುತ್ತದೆ.

ಆಮೇಲೆ ಕಳಚುವ ಕೆಲಸ ಶುರುವಾಯಿತು. ಅಂತರ್ಜಾಲದ ತಂತಿ ಕಿತ್ತರು: ಇಪ್ಪತ್ತು ಸೆಕೆಂಡು. ವೈರಸ್ಸಿನ ಕಾವಲುಗಾರನನ್ನು ಮಲಗಿಸಿದರು: ಇಪ್ಪತ್ತು ಸೆಕೆಂಡು. ಮೌಸ್ ಬದಲಾಯಿಸಿದರು, ಧ್ವನಿ ನಿಲ್ಲಿಸಿದರು, ಇಡೀ ಆಟವನ್ನು ಯಂತ್ರದ ಪ್ರೊಸೆಸರಿನ ಒಂದೇ ಭಾಗದಲ್ಲಿ ಓಡುವಂತೆ ಕಟ್ಟಿಹಾಕಿದರು. ಬೇಲಿಯ ಗೂಟ ಅಲುಗಲಿಲ್ಲ. ಮಧ್ಯಾಹ್ನವಾಗುತ್ತ ಬಂದಾಗ ಹಿಲ್ಕಾ ಪರದೆಯ ಮೂಲೆಯ ಆ ಅಂಕಿಯತ್ತ ಬೆರಳು ಮಾಡಿ, “ಇದನ್ನ ಯಾರು ಹಾಕಿದ್ದು?” ಎಂದರು.

“ಅಂಗಡಿಯವನು. ಮಿಷಿನ್ ಬಿಸಿ ಎಷ್ಟು, ಓಟ ಎಷ್ಟು ಎಲ್ಲ ತೋರಿಸುತ್ತೆ ಅಂದ,” ಎಂದಳು ಲರಿಸಾ. “ ಅದನ್ನ ತೆಗೆದ್ರೆ ಆಟ ಹೇಗೆ ಓಡ್ತಿದೆ ಅಂತ ಗೊತ್ತಾಗೋದ್ ಹೇಗೆ?”

“ಅವನು ಕೂತಿದಾನಲ್ಲ ಇಲ್ಲಿ,” ಎಂದರು ಹಿಲ್ಕಾ, ಒರೆಸ್ಟನನ್ನು ತೋರಿಸಿ.

ತೆಗೆದರು. ಗೂಟಗಳು ಮಾಯವಾದವು. ಯಂತ್ರದ ಆರೋಗ್ಯ ವಿಚಾರಿಸುವ ಆ ತಂತ್ರಾಂಶವೇ ಇಪ್ಪತ್ತು ಸೆಕೆಂಡಿಗೊಮ್ಮೆ ಎದ್ದು, ಒಳಗಿನ ಒಂದೊಂದು ಭಾಗದ ಬಾಗಿಲನ್ನೂ ತಟ್ಟಿ ‘ಮೈ ಬಿಸಿಯಿದೆಯೇ’ ಎಂದು ಕೇಳಿಕೊಂಡು ಬರುತ್ತಿತ್ತು. ಒಂದೇ ಸಾಲಿನಲ್ಲಿ ನಿಂತು ಕೆಲಸ ಮಾಡಿ ಗೊತ್ತಿದ್ದ ಹಳೆಯ ಆಟ ಅಷ್ಟು ಹೊತ್ತು ದಾರಿ ಬಿಟ್ಟು ನಿಲ್ಲಬೇಕಾಗುತ್ತಿತ್ತು. ಎರಡು ತಿಂಗಳಿಂದ ಯಾವ ಅಂಕಿಯನ್ನು ತೋರಿಸಿ ಮಗಳು ಅಪ್ಪನ ಬಾಯಿ ಮುಚ್ಚಿಸುತ್ತಿದ್ದಳೋ ಆ ಅಂಕಿಯದೇ ಕಿತಾಪತಿ. ಲರಿಸಾ ಅಪ್ಪನ ಬೋಳುತಲೆಗೆ ಒಂದು ಮುತ್ತು ಕೊಟ್ಟು, “ಕ್ಷಮಿಸಪ್ಪಾ, ನಂದೇ ತಪ್ಪು,” ಎಂದಳು. ಒರೆಸ್ಟ್ ಕೈಚೌಕದಲ್ಲಿ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡ. ನಾನೂ ಎದ್ದು ಬನ್ನಿನ ಡಬ್ಬಿಗೆ ಕೈ ಹಾಕಿದೆ.

ಹಿಲ್ಕಾ ಅಲ್ಲಿಗೆ ನಿಲ್ಲಿಸಬಹುದಿತ್ತು. ಬೇರೆ ಯಾರಾದರೂ ನಿಲ್ಲಿಸುತ್ತಿದ್ದರು; ನಾನಂತೂ ಖಂಡಿತ. ಆದರೆ ನನ್ನ ಟಿಪ್ಪಣಿಯಲ್ಲಿ ಒಟ್ಟು ಮೂವತ್ನಾಲ್ಕು ಕುಟ್ಟುಗಳಿದ್ದವು. ಗೆರೆಯಲ್ಲಿ ಏನೂ ಇಲ್ಲದ ಕಡೆ ಐದು. ಅವನ್ನು ನಾನು ಕೈತಪ್ಪೆಂದು ಬಿಟ್ಟಿದ್ದೆ, ಹಿಲ್ಕಾ ಬಿಟ್ಟಿರಲಿಲ್ಲ.

“ಇನ್ನೊಂದ್ ಸಲ,” ಎಂದರು. “ಹತ್ತೇ ನಿಮಿಷ.”

ರೈಲು ಹೊರಟಿತು. ಹಿಲ್ಕಾರ ಬೆರಳು ಮೇಜಿನಂಚಿನಲ್ಲಿ ನಡೆಯತೊಡಗಿತು. ಮೂರನೆಯ ನಿಮಿಷದಲ್ಲಿ ಒರೆಸ್ಟ್ ಪೆನ್ಸಿಲ್ ಕುಟ್ಟಿದ. ಕುಟ್ಟಿದವನು ಪಕ್ಕಕ್ಕೆ ನೋಡಿದ. ಬೆರಳು ನಡೆಯುತ್ತಲೇ ಇತ್ತು. ಐದನೆಯ ನಿಮಿಷದಲ್ಲಿ ಮತ್ತೆ ಕುಟ್ಟಿದ, ಮತ್ತೆ ಬೆರಳಿನತ್ತ ನೋಡಿದ. ಮೂರನೆಯ ಸಲಕ್ಕೆ ಅವನ ಕುಟ್ಟು ತೀರ ಮೆಲ್ಲಗಾಗಿತ್ತು. ನಾಲ್ಕನೆಯದನ್ನು ಅವನು ಕುಟ್ಟಲೇ ಇಲ್ಲ, ಪೆನ್ಸಿಲ್ಲನ್ನು ಕೆಳಗಿಟ್ಟು, “ಈಗೊಂದು,” ಎಂದ. ಬೆರಳು ಆಗಲೂ ನಿಂತಿರಲಿಲ್ಲ.

“ಇವು ನಂದು,” ಎಂದ ಒರೆಸ್ಟ್.

“ಇವು ನಿಂದು,” ಎಂದರು ಹಿಲ್ಕಾ.

ಲರಿಸಾಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವಳ ಸಿಟ್ಟು ಇಡೀ ಗ್ರಂಥಾಲಯಕ್ಕೆ ಕೇಳಿಸಿತು. “ನಾವು ತಂದದ್ದು ಕಂಪ್ಯೂಟರ್ ರೀ, ನಮ್ಮಪ್ಪನ್ನ ಅಲ್ಲ! ನೀವೇನು ಡಾಕ್ಟ್ರಾ? ಈಗಷ್ಟೇ ಎಷ್ಟು ಖುಷಿಯಾಗಿದ್ದ...” ಹಿಲ್ಕಾ ಪೆನ್ಸಿಲ್ ಎತ್ತಿಕೊಂಡರು. ಮೊದಲಿನ ಐದೂ ಈಗಿನ ನಾಲ್ಕೂ ಸೇರಿ ಒಂಬತ್ತು ಸಲದ ಹೊತ್ತನ್ನೂ, ಆಗ ರೈಲು ಎಲ್ಲಿತ್ತೆಂಬುದನ್ನೂ ಟಿಪ್ಪಣಿ ಪುಸ್ತಕದ ಒಂದು ಹಾಳೆಯಲ್ಲಿ ನಿಧಾನವಾಗಿ ಬರೆದು, ಹರಿದು, ಮಡಿಸಿ ಒರೆಸ್ಟನ ಮುಂದಿಟ್ಟರು. “ಡಾಕ್ಟ್ರಿಗೆ ತೋರ್ಸು. ನಂಗೆ ಇದು ಏನು ಅಂತ ಗೊತ್ತಿಲ್ಲ. ಯಾವಾಗ ಅಂತ ಮಾತ್ರ ಗೊತ್ತು.” ಅವನು ಅದನ್ನು ಮುಟ್ಟದೆ ಎದ್ದ. ಬಾಗಿಲ ತನಕ ಹೋದವನು ಹಿಂದಿರುಗಿ ಬಂದು, ಯಾರನ್ನೂ ನೋಡದೆ ಹಾಳೆಯನ್ನು ಜೇಬಿಗೆ ತುರುಕಿಕೊಂಡು ಹೋದ.

ಆಮೇಲಿನ ಶನಿವಾರಗಳಲ್ಲಿ ಹಿಲ್ಕಾ ಬಂದರು, ರಟ್ಟು ಆನಿಸಿಟ್ಟರು, ಬಂದವರ ಆಟಗಳನ್ನು ನೋಡಿದರು. ಆದರೆ ಬಾಗಿಲು ತೆರೆದಾಗಲೆಲ್ಲ ಕತ್ತು ಆ ಕಡೆ ತಿರುಗುತ್ತಿತ್ತು. ಜನವರಿ ಕಳೆಯಿತು. ಒಂದು ದಿನ ವಸ್ತುಗಳನ್ನು ಚೀಲಕ್ಕೆ ತುಂಬುತ್ತ, “ಮೊದಲನೇ ಗೆರೆಗೇ ಬಾಯ್ಮುಚ್ಕೊಂಡಿರ್ಬೇಕಿತ್ತಾ, ಗಾರ್ನೆಟ್?” ಎಂದು ಕೇಳಿದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. “ನೋ ನೀನ್,” ಎಂದು ಅವರೇ ತಮಗೆ ಹೇಳಿಕೊಂಡು, ರಸ್‌ನ ಕೋಟಿನ ಗುಂಡಿ ಹಾಕಿಕೊಂಡು ಹೊರಟರು. ಆ ಎರಡು ಪದಗಳಲ್ಲಿ ಅಷ್ಟು ದಣಿವು ಹಿಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಒರೆಸ್ಟ್ ಬಂದದ್ದು ಮಾರ್ಚಿನಲ್ಲಿ, ಬಸ್ಸಿನಲ್ಲಿ. ಜೊತೆಗೆ ಲರಿಸಾ, ಕೈಯಲ್ಲಿ ಕಂಪ್ಯೂಟರಿನ ಡಬ್ಬಿ. ಹಿಲ್ಕಾರ ಎದುರು ಕೂತು ಒರೆಸ್ಟ್ ಟೋಪಿ ತೆಗೆದ.

“ನನ್ನ ಕಾರು ಕಿತ್ಕೊಂಡೆ ನೀನು.”

“ಹೂಂ.”

“ಆ ಹಾಳೇನ ಡಾಕ್ಟ್ರು ನೋಡಿ ತಲೆಗೆ ತಂತಿ ಹಚ್ಚಿ ಮಿದುಳಿನ ಪರೀಕ್ಷೆ ಮಾಡಿಸಿದ್ರು. ಸಣ್ಣ ಸಣ್ಣ ಮೂರ್ಛೆಯಂತೆ, ನನಗೇ ಗೊತ್ತಾಗದಷ್ಟು ಸಣ್ಣದು. ಲಕ್ವ ಹೊಡೆದವರಿಗೆ ಬರುತ್ತಂತೆ. ಮಾತ್ರೆ ಕೊಟ್ಟಿದಾರೆ. ಆರು ತಿಂಗಳು ಕಾರು ಮುಟ್ಟೋ ಹಾಗಿಲ್ಲ.” ಟೋಪಿಯನ್ನು ಮೊಣಕಾಲಿನ ಮೇಲೆ ಒಂದು ಸುತ್ತು ತಿರುಗಿಸಿದ. “ಜನವರಿ ಎರಡನೇ ವಾರದಿಂದ ಮೊಮ್ಮಗಳನ್ನ ಹೆದ್ದಾರೀಲಿ ಕಾರಲ್ಲಿ ಕರ್ಕೊಂಡು ಹೋಗಿ ಐಸ್ ಹಾಕಿ ಆಟ ಕಲಿಸೋ ಕಡೆ ಬಿಡೋ ಕೆಲಸ ನಂದಿತ್ತು. ವಾರಕ್ಕೆ ನಾಲ್ಕು ದಿನ.”

ಲರಿಸಾ ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಂತಿಗಳನ್ನು ತಾನೇ ಸಿಕ್ಕಿಸಿ, ಹಿಲ್ಕಾರ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದಳು.

“ಹತ್ತು ನಿಮಿಷದ ಪರೀಕ್ಷೆ ಇಡು,” ಎಂದ ಒರೆಸ್ಟ್. “ಮಾತ್ರೆ ಕೆಲಸ ಮಾಡ್ತಿದೆ ಅಂತ ಡಾಕ್ಟ್ರು ಅಂತಾರೆ. ನಾನು ಅವರನ್ನ ನಂಬಲ್ಲ, ಪೆನ್ಸಿಲ್ ಕೊಡು.”

ನಾನು ಗಡಿಯಾರ ಹಿಡಿದು ಕೂತೆ. ಹುಲ್ಲುಗಾವಲು, ಕಂಬ, ನಿಲ್ದಾಣ, ಹುಲ್ಲುಗಾವಲು. ಐದು ನಿಮಿಷವಾಯಿತು, ಏಳಾಯಿತು. ಒಂಬತ್ತನೆಯ ನಿಮಿಷದಲ್ಲಿ ಪೆನ್ಸಿಲ್ ಒಮ್ಮೆ ಕುಟ್ಟಿತು, ಒರೆಸ್ಟನ ಮುಖ ಬಿಳಿಚಿತು. ಅವನು ಪಕ್ಕಕ್ಕೆ ತಿರುಗಿ ನೋಡಿದ. ಹಿಲ್ಕಾರ ಬೆರಳು ಮೇಜಿನ ಮೇಲೆ ಒಂದಂಗುಲ ಎತ್ತರದಲ್ಲಿ ಅಲ್ಲಾಡದೆ ನಿಂತಿತ್ತು.

“ಮಿಷಿನ್ದು,” ಎಂದರು ಹಿಲ್ಕಾ. ಗೆರೆಯಲ್ಲೂ ಅಲ್ಲೊಂದು ಮೊಳೆ ಎದ್ದಿತ್ತು, ಒಂದೇ ಒಂದು. ಒರೆಸ್ಟ್ ಗೋಧಿಯ ಉಗ್ರಾಣ ನಡುಗುವ ಹಾಗೆ ನಕ್ಕ, ಮಕ್ಕಳ ವಿಭಾಗದಿಂದ ಯಾರೋ “ಶ್!” ಎಂದರು. “ಅದೇನು ಅಂತ ನೋಡ್ಬೇಕು,” ಎಂದು ಹಿಲ್ಕಾ ಆಗಲೇ ಅಂತರ್ಜಾಲದ ತಂತಿಗೆ ಕೈ ಹಾಕಿದ್ದರು.

ಬಹುಮಟ್ಟಿಗೆ ಎಲ್ಲ ಸರಿಯಿದೆ ಎಂಬ ಒಪ್ಪಂದದ ಮೇಲೆಯೇ ಲೋಕವ್ಯವಹಾರ ನಡೆಯುತ್ತದೆ. ಹಾಗೆ ನಡೆಯದಿದ್ದರೆ ನಾವ್ಯಾರೂ ಬೆಳಿಗ್ಗೆ ಹಾಸಿಗೆಯಿಂದೇಳಲಾರೆವು. ಆ ಒಪ್ಪಂದಕ್ಕೆ ಸಹಿ ಹಾಕದ ಕೆಲವರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರು ಒರಟರಂತೆ ಕಾಣುತ್ತಾರೆ, ನಾವು ಹರ್ಷಪಡುವ ಗಳಿಗೆಯಲ್ಲಿ ಇನ್ನೊಮ್ಮೆ ನೋಡೋಣವೆನ್ನುತ್ತಾರೆ. ಅವರನ್ನು ಪ್ರೀತಿಸುವುದು ಸುಲಭವಲ್ಲ, ಅವರಿಗೂ ಅದರ ಅಪೇಕ್ಷೆಯಿದ್ದಂತಿಲ್ಲ. ಆದರೆ ಒಬ್ಬ ಮನುಷ್ಯ, ತನ್ನವರೂ ನಂಬದಿರುವಾಗ, ತನಗೊಂದು ಕಾಣುತ್ತಿದೆ ಎಂದು ಹ್ಯಾಪುಮೋರೆ ಹಾಕಿಕೊಂಡು ಬಂದರೆ, ಅವನನ್ನು ಸಮಾಧಾನ ಮಾಡಿ ಕಳಿಸುವವರು ಹತ್ತು ಮಂದಿ ಸಿಗುತ್ತಾರೆ; ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವನಿಗೆ ಕಾಣುತ್ತಿರುವುದನ್ನು ತಾನೂ ಕಾಣುವವರೆಗೆ, ಇಲ್ಲವೆ ಅದು ಕಾಣುತ್ತಿಲ್ಲವೆಂದು ಅವನ ಮುಖ ನೋಡಿ ಹೇಳಬಲ್ಲಷ್ಟು ಖಚಿತವಾಗುವವರೆಗೆ ಕೂರುವವರು ಆ ಜಾತಿಯವರು ಮಾತ್ರ. ಅಂಥವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆದ್ದ ಮೇಲೆ ಸಿಕ್ಕ ಉತ್ತರ ಸಿಹಿಯೋ ಕಹಿಯೋ, ಆ ಮಾತು ಬೇರೆ. ಅಷ್ಟು ಹೊತ್ತು ನಾವು ಒಂಟಿಯಾಗಿರಲಿಲ್ಲ.